ರೆಕಾರ್ಡ್ ತೊಳೆಯುವ ದಾರಿಗಳು: ಬಿಟ್ಟ ಕೊಳೆ ಎಲ್ಲಿಗೆ ಹೋಗುತ್ತದೆ?

ವಿನೈಲ್ ರೆಕಾರ್ಡ್ ತೊಳೆಯಬೇಕು ಅಂತ ಹೊರಟವರಿಗೆ ಮೊದಲು ಸಿಗುವುದು ಸಲಹೆಗಳ ರಾಶಿ. ಒಬ್ಬರು ಒಣ ಬ್ರಷ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ನೀರಿಗೆ ಆಲ್ಕೋಹಾಲ್ ಬೆರೆಸಿ ಅನ್ನುತ್ತಾರೆ. ಮತ್ತೊಬ್ಬರು ಆಲ್ಕೋಹಾಲ್ ಹತ್ತಿರಕ್ಕೂ ತರಬೇಡಿ ಅನ್ನುತ್ತಾರೆ. ವ್ಯಾಕ್ಯೂಮ್ ಯಂತ್ರದವರು, ಅಲ್ಟ್ರಾಸಾನಿಕ್ ತೊಟ್ಟಿಯವರು ಇದ್ದಾರೆ. ಮರಗೆಲಸದ ಅಂಟು ಬಳಿದು, ಒಣಗಿದ ಮೇಲೆ ಸುಲಿದು ತೆಗೆಯುವವರೂ ಇದ್ದಾರೆ. ಹೊಸಬರಿಗೆ ಗಲಿಬಿಲಿ ಆಗುವುದು ಸಹಜ ಅಲ್ವಾ?

ಇವನ್ನೆಲ್ಲ ಅಳೆದು ನೋಡಲು ಒಂದೇ ಪ್ರಶ್ನೆ ಸಾಕು ಅಂತ ನನ್ನ ಅನಿಸಿಕೆ. ಬಿಟ್ಟುಕೊಂಡ ಕೊಳೆ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕೊಳೆಯನ್ನು ಸಡಿಲ ಮಾಡುವುದು ಅಷ್ಟೇನೂ ಕಷ್ಟವಲ್ಲ. ಸಡಿಲವಾದದ್ದನ್ನು ರೆಕಾರ್ಡಿನಿಂದ ಪೂರ್ತಿ ಹೊರಗೆ ಸಾಗಿಸುವುದೇ ಕಷ್ಟ. ಹೆಚ್ಚಿನ ವಿಧಾನಗಳು ಸೋಲುವುದು ಈ ಎರಡನೇ ಹಂತದಲ್ಲಿ.

ಯಾಕೆ ಅಂತ ಗೊತ್ತಾಗಲು ಗ್ರೂವಿನ, ಅಂದರೆ ಹಾಡು ಕೊರೆದಿರುವ ಸಣ್ಣ ಗೀರುಕಾಲುವೆಯ, ಅಳತೆ ನೋಡಬೇಕು. ರೆಕಾರ್ಡಿನ ಒಂದು ಬದಿಯಲ್ಲಿ ಇರುವುದು ಒಂದೇ ಗ್ರೂವ್. ಅಂಚಿನಲ್ಲಿ ಶುರುವಾಗಿ ಲೇಬಲ್ ತನಕ ಸುರುಳಿ ಸುತ್ತಿಕೊಂಡು ಬರುತ್ತದೆ. 12 ಇಂಚಿನ ಎಲ್‌ಪಿ (ಲಾಂಗ್ ಪ್ಲೇ ರೆಕಾರ್ಡ್) ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. 20 ನಿಮಿಷದ ಒಂದು ಬದಿ ಅಂದರೆ ಸುಮಾರು 667 ಸುತ್ತು. ಆ ಸುರುಳಿಯನ್ನು ಬಿಚ್ಚಿ ನೇರ ಮಾಡಿದರೆ 400 ಮೀಟರಿಗಿಂತ ಜಾಸ್ತಿ ಉದ್ದವಾಗುತ್ತದೆ. ಅಗಲ ಮಾತ್ರ ಸುಮಾರು 50 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ಹೆಚ್ಚು ಕಡಿಮೆ ಒಂದು ತಲೆಗೂದಲಿನಷ್ಟು.

ಗ್ರೂವ್ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿದೆ. ಎರಡು ಗೋಡೆಗಳ ನಡುವೆ 90 ಡಿಗ್ರಿ ಕೋನ. ಸ್ಟೀರಿಯೊ ರೆಕಾರ್ಡಿನಲ್ಲಿ ಒಂದು ಗೋಡೆ ಎಡ ಚಾನೆಲ್, ಇನ್ನೊಂದು ಬಲ ಚಾನೆಲ್. ಲೇಬಲ್ ಹತ್ತಿರದ ಸುತ್ತುಗಳಲ್ಲಿ ಗ್ರೂವ್ ಪ್ಲೇಯರಿನ ಮುಳ್ಳಿನ (ಸ್ಟೈಲಸ್) ಕೆಳಗೆ ಸೆಕೆಂಡಿಗೆ ಸುಮಾರು 21 ಸೆಂಟಿಮೀಟರ್ ವೇಗದಲ್ಲಿ ಹಾದುಹೋಗುತ್ತದೆ. ಅಲ್ಲಿ 10 ಕಿಲೋಹರ್ಟ್ಸ್ ಶಬ್ದದ ಒಂದು ಅಲೆಗೆ ಸಿಗುವ ಜಾಗ ಬರೀ 21 ಮೈಕ್ರಾನ್. ಅಷ್ಟೇ ಗಾತ್ರದ ಒಂದು ಕಣ ಗೋಡೆಗೆ ಅಂಟಿಕೊಂಡರೆ ಒಂದು ಇಡೀ ಅಲೆಯನ್ನೇ ಮುಚ್ಚಿಬಿಡುತ್ತದೆ. ಮುಳ್ಳು ಅದನ್ನೂ ಸಂಗೀತ ಅಂತಲೇ ಓದುತ್ತದೆ. ನಮಗೆ ಕೇಳುವುದು ಟಪ್ ಅನ್ನುವ ಸದ್ದು.

ಧೂಳನ್ನು ಹಾಗೇ ಬಿಟ್ಟು ನುಡಿಸಿದರೆ ಇನ್ನೊಂದು ಹಾನಿ ಇದೆ. ಮುಳ್ಳಿನ ಭಾರ ಒಂದೂವರೆ, ಎರಡು ಗ್ರಾಂ ಅಂತ ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಗೋಡೆಗೆ ತಾಗುವ ಜಾಗ ಕೆಲವೇ ಮೈಕ್ರಾನ್ ಅಗಲ. ಆ ಪುಟ್ಟ ಜಾಗದಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಸಾವಿರಾರು ಕಿಲೋ ಲೆಕ್ಕಕ್ಕೆ ಹೋಗುತ್ತದೆ. ಮುಳ್ಳು ವಜ್ರದ್ದು, ಧೂಳಿನಲ್ಲಿ ಮರಳಿನ ಕಣವೂ ಇರುತ್ತದೆ, ಗೋಡೆ ಮಾತ್ರ ಪ್ಲಾಸ್ಟಿಕ್. ಸವೆಯುವುದು ಯಾವುದು ಅಂತ ಹೇಳಬೇಕಾಗಿಲ್ಲ.

ಮೊದಲು ಕೇಳಿ, ಆಮೇಲೆ ತೊಳೆಯಿರಿ

ಎಲ್ಲ ಸದ್ದೂ ಕೊಳೆಯಿಂದ ಬರುವುದಲ್ಲ. ರೆಕಾರ್ಡನ್ನು ಒಂದು ಸಲ ಗಮನ ಕೊಟ್ಟು ಕೇಳಿದರೆ ಎಷ್ಟೋ ವಿಷಯ ತಿಳಿಯುತ್ತದೆ. ಎಲ್‌ಪಿ ಒಂದು ಸುತ್ತು ಮುಗಿಸಲು 1.8 ಸೆಕೆಂಡ್ ಬೇಕು. ಸರಿಯಾಗಿ ಅದೇ ಲಯದಲ್ಲಿ ಟಪ್, ಟಪ್ ಅಂತ ಬರುತ್ತಿದ್ದರೆ ಒಂದೇ ಜಾಗದಲ್ಲಿ ಏನೋ ಇದೆ. ಅದು ಗೀರು ಇರಬಹುದು, ಅಂಟಿಕೊಂಡ ಗಟ್ಟಿ ಕಣವೂ ಇರಬಹುದು. ದೀಪದ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿದರೆ ಯಾವುದು ಅಂತ ಕಾಣುತ್ತದೆ. ಗೀರಾದರೆ ಯಾವ ದ್ರವವೂ ಸರಿ ಮಾಡುವುದಿಲ್ಲ.

ಹಾಡು ಜೋರಾದಾಗ ಮಾತ್ರ ಸ್ವರ ಒಡೆದು ಕರಕರ ಅನ್ನುತ್ತಿದ್ದರೆ ಮೊದಲು ಮುಳ್ಳು ಪರೀಕ್ಷಿಸಿ. ಮುಳ್ಳು ಸರಿಯಾಗಿದ್ದರೆ, ಹಿಂದೆ ಯಾರೋ ಮೊಂಡು ಮುಳ್ಳಿನಲ್ಲಿ ನುಡಿಸಿ ಗೋಡೆ ಸವೆಸಿದ್ದಾರೆ ಅಂತ ಲೆಕ್ಕ. ಹೊಸ ರೆಕಾರ್ಡಿನಲ್ಲಿ ಒಂದು ಕಡೆ ಮಾತ್ರ ಬಟ್ಟೆ ಹರಿದಂಥ ಸದ್ದು ಬಂದರೆ ಅದು ಅಚ್ಚು ಹಾಕುವಾಗಲೇ ಆದ ದೋಷ ಇರಬಹುದು. ಬಿಸಿ ವಿನೈಲ್ ಅಚ್ಚಿನ ಮೂಲೆಗೆ ಪೂರ್ತಿ ತುಂಬಿರುವುದಿಲ್ಲ. ಇವ್ಯಾವುದಕ್ಕೂ ತೊಳೆಯುವುದು ಮದ್ದಲ್ಲ.

ಉಳಿದದ್ದು ಲಯವಿಲ್ಲದೆ ಬರುವ ಚಿಟಪಟ. ಇದರಲ್ಲಿ ಒಂದು ಪಾಲು ಧೂಳು, ಒಂದು ಪಾಲು ಬೆರಳಿನ ಜಿಡ್ಡು, ಹೊಗೆ, ಬೂಸ್ಟು. ಇನ್ನೊಂದು ಪಾಲು ಸ್ಥಾಯಿ ವಿದ್ಯುತ್ತು. ವಿನೈಲ್ ಅಂದರೆ ಮುಖ್ಯವಾಗಿ ಪಿವಿಸಿ. ಅದನ್ನು ಯಾವುದಕ್ಕೆ ಉಜ್ಜಿದರೂ ಸುಲಭವಾಗಿ ಋಣ ವಿದ್ಯುತ್ ಹೊತ್ತುಕೊಂಡು ಕೂರುತ್ತದೆ. ಕಾಗದದ ಕವರಿನಿಂದ ಹೊರಗೆಳೆದರೂ ಸಾಕು. ಗಾಳಿ ಒಣಗಿದ್ದಷ್ಟು ಇದು ಜಾಸ್ತಿ. ಹಾಗೆ ವಿದ್ಯುತ್ ಹೊತ್ತ ರೆಕಾರ್ಡ್ ಸುತ್ತಲಿನ ಧೂಳನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ.

ಒಣ ಬ್ರಷ್ ಮಾಡುವುದೆಷ್ಟು

ಕಾರ್ಬನ್ ಫೈಬರ್ ಬ್ರಷ್ ಒಂದನ್ನು ಎಲ್ಲರೂ ಇಟ್ಟುಕೊಳ್ಳಬೇಕು. ಅದರ ಒಂದೊಂದು ಎಳೆ 5ರಿಂದ 10 ಮೈಕ್ರಾನ್ ದಪ್ಪ, ಹಾಗಾಗಿ ಗ್ರೂವಿನೊಳಗೆ ಇಳಿಯುತ್ತದೆ. ಕಾರ್ಬನ್ ವಿದ್ಯುತ್ತನ್ನೂ ಹಾಯಿಸುತ್ತದೆ. ಹಿಡಿಯ ಲೋಹದ ಭಾಗಕ್ಕೆ ಬೆರಳು ತಾಗಿದ್ದರೆ ಸ್ಥಾಯಿ ವಿದ್ಯುತ್ತು ಸ್ವಲ್ಪ ಮಟ್ಟಿಗೆ ನಿಮ್ಮ ಮೈ ಮೂಲಕ ಹರಿದುಹೋಗುತ್ತದೆ.

ಬಳಸುವ ರೀತಿಯಲ್ಲೇ ಎಷ್ಟೋ ಜನ ಎಡವುತ್ತಾರೆ. ರೆಕಾರ್ಡ್ ತಿರುಗುತ್ತಿರುವಾಗ ಬ್ರಷ್ಷನ್ನು ಹಗುರವಾಗಿ ಇಟ್ಟು ಒಂದೆರಡು ಸುತ್ತು ಬಿಡಬೇಕು. ಆಮೇಲೆ ಮೆಲ್ಲಗೆ ಅಂಚಿನ ಕಡೆಗೆ ಸರಿಸುತ್ತಾ ಹೊರಗೆ ತೆಗೆಯಬೇಕು. ಅಲ್ಲೇ ಎತ್ತಿಬಿಟ್ಟರೆ ಕೂಡಿದ ಧೂಳು ಒಂದು ಗೆರೆಯಾಗಿ ರೆಕಾರ್ಡಿನ ಮೇಲೇ ಉಳಿಯುತ್ತದೆ. ಒತ್ತಿ ಹಿಡಿಯುವುದರಿಂದಲೂ ಲಾಭವಿಲ್ಲ.

ಬ್ರಷ್ ಮಾಡುವುದು ಅಷ್ಟೇ. ಮೇಲಿನ ಸಡಿಲ ಧೂಳು ಹೋಗುತ್ತದೆ. ಜಿಡ್ಡು ಇದ್ದ ಜಾಗದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಬದಲಿಗೆ ಜಿಡ್ಡನ್ನು ಸುತ್ತಲೂ ಹರಡಬಹುದು. ದಿನವೂ ನುಡಿಸುವ ಮುಂಚೆ ಮಾಡುವ ಕೆಲಸ ಅಂತ ಇದನ್ನು ಇಟ್ಟುಕೊಳ್ಳಿ. ಕೈಬದಲಾಗಿ ಬಂದ ಹಳೆಯ ರೆಕಾರ್ಡಿಗೆ ಇದು ಸಾಲದು. ಅದಕ್ಕೆ ನೀರೇ ಬೇಕು.

ನೀರಿಗೆ ಏನು ಬೆರೆಸಬೇಕು

ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆವಿಯಾದಾಗ ಅವು ಗ್ರೂವಿನ ತಳದಲ್ಲೇ ಗಟ್ಟಿಯಾಗಿ ಕೂರುತ್ತವೆ. ಹೊಸ ಕೊಳೆಯನ್ನು ನಾವೇ ತಂದಿಟ್ಟಂತೆ. ಅದಕ್ಕೇ ಬಟ್ಟಿ ಇಳಿಸಿದ ನೀರು ಅಥವಾ ಲವಣ ತೆಗೆದ ನೀರು ಬೇಕು. ಬೇರೆ ಯಾವುದರಲ್ಲಿ ಉಳಿತಾಯ ಮಾಡಿದರೂ ಇದರಲ್ಲಿ ಮಾಡಬೇಡಿ.

ಆದರೆ ಶುದ್ಧ ನೀರಿಗೂ ಒಂದು ಮಿತಿ ಇದೆ. ಅದರ ಮೇಲ್ಮೈ ಎಳೆತ ಜಾಸ್ತಿ. ವಿನೈಲಿನ ಮೇಲೆ ಸುರಿದರೆ ಹರಡದೆ ಹನಿಹನಿಯಾಗಿ ನಿಲ್ಲುತ್ತದೆ, ಗ್ರೂವಿನ ತಳ ಮುಟ್ಟುವುದಿಲ್ಲ. ಜಿಡ್ಡು ಕೂಡ ನೀರಿನಲ್ಲಿ ಕರಗುವುದಿಲ್ಲ. ಈ ಎರಡಕ್ಕೂ ಉತ್ತರ ಸರ್ಫ್ಯಾಕ್ಟಂಟ್. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ಅದು ನೀರಿನ ಎಳೆತ ಇಳಿಸುತ್ತದೆ, ಜಿಡ್ಡನ್ನು ಸುತ್ತುವರಿದು ಗೋಡೆಯಿಂದ ಎಬ್ಬಿಸುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರೆಕಾರ್ಡ್ ತೊಳೆಯಲು ಸೂಚಿಸುವುದೂ ಇದನ್ನೇ: ಲವಣ ತೆಗೆದ ನೀರು, ಅದಕ್ಕೆ ಟರ್ಜಿಟಾಲ್ ಅನ್ನುವ ಸರ್ಫ್ಯಾಕ್ಟಂಟ್ ತೀರಾ ಚೂರು. ಟ್ರೈಟನ್ ಎಕ್ಸ್-100 ಅನ್ನುವ ಇನ್ನೊಂದು ಸರ್ಫ್ಯಾಕ್ಟಂಟ್ ಬಳಸುವವರೂ ಇದ್ದಾರೆ.

ಪಾತ್ರೆ ತೊಳೆಯುವ ಸೋಪಿನಲ್ಲೂ ಸರ್ಫ್ಯಾಕ್ಟಂಟ್ ಇದೆಯಲ್ಲ ಅಂತ ಕೇಳಬಹುದು. ಇದೆ, ಅದರ ಜೊತೆ ಬಣ್ಣ, ಸುವಾಸನೆ, ಕೈ ಮೃದುವಾಗಿಸುವ ಪದಾರ್ಥಗಳೂ ಇವೆ. ಅವು ರೆಕಾರ್ಡಿಗೆ ಬೇಡ. ಗಾಜು ಒರೆಸುವ ದ್ರವವಂತೂ ಬೇಡವೇ ಬೇಡ.

ಆಲ್ಕೋಹಾಲ್ ವಿಷಯಕ್ಕೆ ಬರೋಣ. ಇಲ್ಲಿ ಜಗಳ ಹಳೆಯದು. ಐಸೊಪ್ರೊಪೈಲ್ ಆಲ್ಕೋಹಾಲ್ ಬೆರಳಚ್ಚಿನ ಜಿಡ್ಡು, ಹೊಗೆಯ ಅಂಟನ್ನು ಚೆನ್ನಾಗಿ ಎಬ್ಬಿಸುತ್ತದೆ, ಬೇಗ ಒಣಗುತ್ತದೆ. ಅಪ್ಪಟ ಆಲ್ಕೋಹಾಲ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಬೂಸ್ಟು, ಹೊಗೆಯ ಜಿಡ್ಡು ಹಿಡಿದ ರೆಕಾರ್ಡಿಗೆ, ನೀರಿನಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಬೆರೆಸಿ, ಸ್ವಲ್ಪ ಹೊತ್ತು ಮಾತ್ರ ತಾಗಿಸಿ, ತಕ್ಷಣ ಶುದ್ಧ ನೀರಿನಲ್ಲಿ ಜಾಲಿಸುವುದಾದರೆ ಬಳಸಬಹುದು. ಮಾಮೂಲಿ ಧೂಳು, ಬೆರಳಚ್ಚಿಗೆ ಸರ್ಫ್ಯಾಕ್ಟಂಟ್ ಒಂದೇ ಸಾಕು.

ಬೂಸ್ಟು ಇದ್ದರೆ ಇನ್ನೊಂದು ಮಾತು. ಮೂಗು ಬಾಯಿಗೆ ಮಾಸ್ಕ್ ಹಾಕಿ, ಗಾಳಿಯಾಡುವ ಕಡೆ ಕೂತು ಮಾಡಿ. ಒಣಗಿದ್ದಾಗ ಬ್ರಷ್ ಆಡಿಸಿದರೆ ಬೂಸ್ಟಿನ ಬೀಜಕಗಳು ಪಕ್ಕದ ರೆಕಾರ್ಡುಗಳಿಗೂ ಹಾರುತ್ತವೆ.

ಕೊಳೆ ನೀರನ್ನು ಹೊರಗೆ ತೆಗೆಯುವ ದಾರಿಗಳು

ಎಲ್ಲಕ್ಕಿಂತ ಸರಳವಾದದ್ದು ಕೈಯಿಂದ ತೊಳೆಯುವುದು. ರೆಕಾರ್ಡನ್ನು ಮೆತ್ತನೆ ಚಾಪೆಯ ಮೇಲಿಟ್ಟು, ದ್ರವ ಹಾಕಿ, ಮೃದುವಾದ ಬ್ರಷ್ಷನ್ನು ಗ್ರೂವಿನ ದಿಕ್ಕಿನಲ್ಲೇ ಸುತ್ತಿಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಹೀರಿಸಿ, ಮತ್ತೆ ಶುದ್ಧ ನೀರು ಹಾಕಿ, ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸುವುದು. ಶ್ರದ್ಧೆಯಿಂದ ಮಾಡಿದರೆ ಒಳ್ಳೆಯ ಫಲವೇ ಸಿಗುತ್ತದೆ. ಆದರೆ ಬಟ್ಟೆಯ ಎಳೆ ಗ್ರೂವಿನ ತಳದಿಂದ ನೀರನ್ನು ಪೂರ್ತಿ ಎಳೆಯಲಾರದು. ಅಲ್ಲುಳಿದ ನೀರು ಒಣಗುವಾಗ ತನ್ನೊಳಗಿನ ಕೊಳೆಯನ್ನು ಅಲ್ಲೇ ಬಿಡುತ್ತದೆ. ಅದಕ್ಕೇ ಕೈಯಿಂದ ತೊಳೆಯುವವರು ಜಾಲಿಸುವುದನ್ನು ಎರಡು ಸಲ ಮಾಡಬೇಕು. ಕೊನೆಯಲ್ಲಿ ಉಳಿಯುವ ನೀರು ಆದಷ್ಟು ಶುದ್ಧವಾಗಿರಬೇಕು ಅನ್ನುವುದಷ್ಟೇ ಉದ್ದೇಶ.

ಸ್ಪಿನ್-ಕ್ಲೀನ್ ಥರದ ತೊಟ್ಟಿಗಳು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ರೆಕಾರ್ಡ್ ನಿಂತ ಭಂಗಿಯಲ್ಲಿ ಎರಡು ಬ್ರಷ್ಷುಗಳ ನಡುವೆ ತಿರುಗುತ್ತದೆ, ಎರಡೂ ಬದಿ ಒಟ್ಟಿಗೆ ತೊಳೆಯುತ್ತದೆ, ಲೇಬಲ್ ನೆನೆಯುವುದಿಲ್ಲ. ಕೆಲಸ ಬೇಗ ಆಗುತ್ತದೆ. ಇದರ ಕೊರತೆ ಏನು ಅಂದರೆ, ಹತ್ತನೇ ರೆಕಾರ್ಡ್ ಮುಳುಗುವುದು ಹಿಂದಿನ ಒಂಬತ್ತರ ಕೊಳೆ ಬಿದ್ದ ನೀರಿನಲ್ಲಿ. ನೀರನ್ನು ಆಗಾಗ ಬದಲಿಸಿ. ಸಾಧ್ಯವಾದರೆ ಬರೀ ಬಟ್ಟಿ ಇಳಿಸಿದ ನೀರಿನ ಎರಡನೇ ತೊಟ್ಟಿಯೊಂದನ್ನು ಜಾಲಿಸಲು ಇಟ್ಟುಕೊಳ್ಳಿ. ಈ ಒಂದು ಬದಲಾವಣೆಯಿಂದ ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತದೆ.

ನನ್ನ ಪ್ರಶ್ನೆಗೆ ನೇರ ಉತ್ತರ ಕೊಡುವುದು ವ್ಯಾಕ್ಯೂಮ್ ಯಂತ್ರ. ದ್ರವ ಹಾಕಿ, ಬ್ರಷ್ ಆಡಿಸಿ, ಕೊಳೆ ಎದ್ದ ಮೇಲೆ ದ್ರವವನ್ನು ಕೊಳೆ ಸಮೇತ ಹೀರಿ ತೆಗೆಯುತ್ತದೆ. ಆವಿಯಾಗಲು ಹೆಚ್ಚೇನೂ ಬಿಡುವುದಿಲ್ಲ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕೀತ್ ಮಾಂಕ್ಸ್ ಇಂಥ ಯಂತ್ರ ತಯಾರಿಸಿದರು. ಬಿಬಿಸಿ ಕೂಡ ಅದನ್ನು ಬಳಸಿತು. ಅದರ ರಚನೆ ಈಗಲೂ ನನಗೆ ಬಹಳ ಮೆಚ್ಚುಗೆ. ಪುಟ್ಟ ನಳಿಕೆಯೊಂದು ಒಳಗಿನಿಂದ ಅಂಚಿನ ಕಡೆಗೆ ನಿಧಾನವಾಗಿ ಸರಿಯುತ್ತಾ ಹೀರುತ್ತದೆ. ನಳಿಕೆಗೂ ರೆಕಾರ್ಡಿಗೂ ನಡುವೆ ಒಂದು ದಾರ ಇರುತ್ತದೆ. ಆ ದಾರ ಉಂಡೆಯಿಂದ ಬಿಚ್ಚಿಕೊಳ್ಳುತ್ತಲೇ ಇರುವುದರಿಂದ ರೆಕಾರ್ಡಿಗೆ ತಾಗುವುದು ಯಾವಾಗಲೂ ಹೊಸ ದಾರ. ಒಂದು ರೆಕಾರ್ಡಿನ ಕೊಳೆ ಇನ್ನೊಂದಕ್ಕೆ ಹೋಗಲು ದಾರಿಯೇ ಇಲ್ಲ.

ಮನೆಬಳಕೆಯ ಹೆಚ್ಚಿನ ಯಂತ್ರಗಳು ಬೇರೆ ಥರ. ರೆಕಾರ್ಡಿನ ತ್ರಿಜ್ಯದುದ್ದಕ್ಕೂ ಒಂದು ಸೀಳಿರುವ ಕೊಳವೆ, ಸೀಳಿನ ಎರಡೂ ಕಡೆ ವೆಲ್ವೆಟ್ ಪಟ್ಟಿ. ಎರಡು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಇಲ್ಲಿ ಮೂರು ಎಚ್ಚರ ಬೇಕು. ಆ ವೆಲ್ವೆಟ್ ಪಟ್ಟಿಗಳನ್ನು ಆಗಾಗ ಶುಚಿ ಮಾಡಿ, ಸವೆದರೆ ಬದಲಿಸಿ, ಇಲ್ಲದಿದ್ದರೆ ಅವೇ ಕೊಳೆ ಹಂಚುತ್ತವೆ. ನೀರು ಹೋದ ಮೇಲೂ ಹೀರುತ್ತಲೇ ಇರಬೇಡಿ, ಒಣ ವಿನೈಲಿಗೆ ವೆಲ್ವೆಟ್ ಉಜ್ಜಿದರೆ ಸ್ಥಾಯಿ ವಿದ್ಯುತ್ತು ತುಂಬಿಕೊಳ್ಳುತ್ತದೆ. ಇನ್ನು ಮೊದಲ ಬದಿ ತೊಳೆದ ಮೇಲೆ ಅದನ್ನು ಎರಡನೇ ಬದಿ ಕೂತಿದ್ದ ಅದೇ ಚಾಪೆಯ ಮೇಲೆ ಮಗುಚಿ ಹಾಕುತ್ತೇವೆ. ಹಾಗಾಗಿ ಚಾಪೆಯನ್ನೂ ನಡುವೆ ಬದಲಿಸಬೇಕು. ಇದನ್ನು ಮರೆಯುವವರೇ ಜಾಸ್ತಿ.

ಅಲ್ಟ್ರಾಸಾನಿಕ್ ವಿಧಾನ ಕೊಳೆ ಎಬ್ಬಿಸುವುದರಲ್ಲಿ ಎಲ್ಲರಿಗಿಂತ ಮುಂದೆ. ಕಿವಿಗೆ ಕೇಳದಷ್ಟು ಎತ್ತರದ ಶಬ್ದವನ್ನು ನೀರಿನಲ್ಲಿ ಹಾಯಿಸಿದಾಗ ಒತ್ತಡ ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುತ್ತದೆ. ಒತ್ತಡ ಕುಸಿದ ಜಾಗದಲ್ಲಿ ಸಣ್ಣ ಗುಳ್ಳೆ ಹುಟ್ಟುತ್ತದೆ, ಒತ್ತಡ ಏರಿದಾಗ ಅದು ಒಳಮುಖವಾಗಿ ಒಡೆಯುತ್ತದೆ. ಆ ಒಡೆತದ ಬಲ ಗೋಡೆಗೆ ಅಂಟಿದ ಕಣವನ್ನು ಕಿತ್ತು ಹಾಕುತ್ತದೆ. ಯಾವ ಬ್ರಷ್ಷಿಗೂ ಸಿಗದ ಮೂಲೆಯಲ್ಲಿ ಇದು ನಡೆಯುತ್ತದೆ. 40 ಕಿಲೋಹರ್ಟ್ಸ್ ತೊಟ್ಟಿಯಲ್ಲಿ ಗುಳ್ಳೆ ದೊಡ್ಡದು, ಹೊಡೆತ ಬಲವಾದದ್ದು. ಡೆಗ್ರಿಟರ್ ಯಂತ್ರದಂತೆ 120 ಕಿಲೋಹರ್ಟ್ಸ್ ಬಳಸಿದರೆ ಗುಳ್ಳೆ ಚಿಕ್ಕದು, ಹೊಡೆತ ಮೃದು, ಸಣ್ಣ ಸಂದಿಗೆ ಹೆಚ್ಚು ಹೊಂದುತ್ತದೆ. ಯಾವುದೇ ಆದರೂ ರೆಕಾರ್ಡ್ ನಿಧಾನವಾಗಿ ತಿರುಗುತ್ತಿರಬೇಕು. ಒಂದೇ ಜಾಗಕ್ಕೆ ಹೊಡೆತ ಬೀಳುತ್ತಲೇ ಇರಬಾರದು.

ಶಾಖದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಅಲ್ಟ್ರಾಸಾನಿಕ್ ಶಕ್ತಿಯಿಂದಲೇ ನೀರು ತಾನಾಗಿ ಬಿಸಿಯಾಗುತ್ತಾ ಹೋಗುತ್ತದೆ. 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸಿದರೆ ನೆಮ್ಮದಿ. ತೀರಾ ಬಿಸಿಯಾದರೆ ರೆಕಾರ್ಡ್ ಸೊಟ್ಟಗಾಗುತ್ತದೆ, ಮತ್ತೆ ಮೊದಲಿನಂತೆ ಮಾಡುವುದು ಕಷ್ಟ. ಈ ತೊಟ್ಟಿಗೆ ಆಲ್ಕೋಹಾಲ್ ಸುರಿಯುವುದೂ ಬೇಡ. ಬೆಚ್ಚಗಿನ ತೊಟ್ಟಿಯಿಂದ ಎದ್ದ ಆಲ್ಕೋಹಾಲ್ ಆವಿಗೆ ಬೆಂಕಿ ಹತ್ತುವ ಅಪಾಯ ಇದೆ.

ಇಷ್ಟೆಲ್ಲ ಇದ್ದರೂ ಅಲ್ಟ್ರಾಸಾನಿಕ್ ನನ್ನ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಕಿತ್ತು ಬಂದ ಕೊಳೆ ಅದೇ ತೊಟ್ಟಿಯಲ್ಲಿ ತೇಲುತ್ತಿರುತ್ತದೆ. ರೆಕಾರ್ಡ್ ಮೇಲೆ ಬರುವಾಗ ಆ ನೀರಿನ ತೆಳು ಪದರ ಜೊತೆಗೇ ಬರುತ್ತದೆ. ಬಹಳ ಯಂತ್ರಗಳು ಫ್ಯಾನ್ ಹಾಕಿ ಒಣಗಿಸುತ್ತವೆ, ಅಂದರೆ ಆವಿ ಮಾಡುತ್ತವೆ. ಫಿಲ್ಟರ್ ಚೆನ್ನಾಗಿದ್ದು ನೀರು ಹೊಸದಾಗಿದ್ದರೆ ತೊಂದರೆ ಕಡಿಮೆ. ಜಿಡ್ಡು, ಬೂಸ್ಟು ಹಿಡಿದ ರೆಕಾರ್ಡನ್ನು ನೇರವಾಗಿ ಅದಕ್ಕೆ ಇಳಿಸಿದರೆ ಮಾತ್ರ ಇಡೀ ತೊಟ್ಟಿ ಕೆಡುತ್ತದೆ. ಮೊದಲು ಕೈಯಿಂದ ಒಂದು ಸಲ ತೊಳೆದು, ಆಮೇಲೆ ಅಲ್ಟ್ರಾಸಾನಿಕ್, ಕೊನೆಗೆ ಶುದ್ಧ ನೀರು ಹಾಕಿ ವ್ಯಾಕ್ಯೂಮ್. ಎಲ್ಲ ಅನುಕೂಲ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಕಾಣಿಸಿಲ್ಲ.

ಅಂಟು ಬಳಿಯುವ ವಿಧಾನದ ತರ್ಕ ಸರಿಯಾಗಿಯೇ ಇದೆ. ಪಿವಿಎ ಅನ್ನುವ ಆ ಮರಗೆಲಸದ ಅಂಟು ಗ್ರೂವಿನೊಳಗೆ ಇಳಿದು, ಕೊಳೆಯನ್ನು ಹಿಡಿದು, ಒಣಗಿದ ಮೇಲೆ ಹಾಳೆಯಾಗಿ ಎದ್ದು ಬರುತ್ತದೆ. ಅಂಟಿಗೆ ಸಿಕ್ಕಿದ ಕೊಳೆಯೂ ಪೂರ್ತಿ ಹೊರಗೇ ಹೋಗುತ್ತದೆ. ಆದರೆ ತೆಳುವಾಗಿ ಬಳಿದ ಕಡೆ ಹರಿದು ಚೂರು ಒಳಗೇ ಉಳಿಯಬಹುದು, ಲೇಬಲ್ ಕೀಳಬಹುದು, ಸುಲಿಯುವಾಗ ಸ್ಥಾಯಿ ವಿದ್ಯುತ್ತು ವಿಪರೀತ ಹುಟ್ಟುತ್ತದೆ. ಒಣಗಲು ಗಂಟೆಗಟ್ಟಲೆ ಬೇಕು. ಬೆಲೆಯಿಲ್ಲದ ರೆಕಾರ್ಡಿನ ಮೇಲೆ ಕೈ ಪಳಗಿಸಿಕೊಳ್ಳದೆ ಮಾಡಬೇಡಿ.

ಇಪ್ಪತ್ತು ಮೂವತ್ತು ರೆಕಾರ್ಡ್ ಇರುವವರಿಗೆ ಯಂತ್ರವೇ ಬೇಕು ಅಂತೇನಿಲ್ಲ. ಕಾರ್ಬನ್ ಬ್ರಷ್, ಒಳ್ಳೆಯ ದ್ರವ, ಬಟ್ಟಿ ಇಳಿಸಿದ ನೀರು, ನಾಲ್ಕು ಬಟ್ಟೆ ಸಾಕು. ನೂರು ದಾಟಿದರೆ, ಅದರಲ್ಲೂ ಹಳೆಯವನ್ನು ಕೊಳ್ಳುವ ಅಭ್ಯಾಸ ಇದ್ದರೆ, ವ್ಯಾಕ್ಯೂಮ್ ಯಂತ್ರ ಕೊಳ್ಳುವುದು ಸರಿ. ಅಲ್ಟ್ರಾಸಾನಿಕ್ ಅದರ ನಂತರದ ಮಾತು. ಮೊದಲು ಅದನ್ನು ಕೊಂಡು ಜಾಲಿಸುವ ವ್ಯವಸ್ಥೆ ಇಲ್ಲದೆ ಕೂರುವುದಕ್ಕಿಂತ, ಸಾಧಾರಣ ವ್ಯಾಕ್ಯೂಮ್ ಯಂತ್ರವೇ ಮೇಲು.

ಎಲ್ಲ ರೆಕಾರ್ಡೂ ವಿನೈಲ್ ಅಲ್ಲ

ಮೇಲೆ ಹೇಳಿದ್ದೆಲ್ಲ ವಿನೈಲಿಗೆ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತರುವ ಮುಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳು ಬಹುಪಾಲು ಅರಗಿನವು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಒಂದೇ ಸಲ ಒರೆಸಿದರೂ ಗ್ರೂವ್ ಹೋಯಿತು ಅಂತಲೇ. ಅವನ್ನು ಆಲ್ಕೋಹಾಲ್ ಇಲ್ಲದ ದ್ರವದಲ್ಲಿ ಬೇಗ ತೊಳೆದು ಬೇಗ ಒಣಗಿಸಬೇಕು, ನೆನೆಹಾಕಬಾರದು. ಎಡಿಸನ್ ಕಂಪನಿಯ ದಪ್ಪನೆಯ ಡೈಮಂಡ್ ಡಿಸ್ಕುಗಳಿಗೆ ನೀರೇ ಶತ್ರು. ಅಲ್ಯೂಮಿನಿಯಂ ಹಾಳೆಗೆ ಲ್ಯಾಕರ್ ಬಳಿದ, ಒಂದೇ ಪ್ರತಿ ಇರುವ ಧ್ವನಿಮುದ್ರಣದ ತಟ್ಟೆ ಸಿಕ್ಕಿದರೆ ಏನನ್ನೂ ಮಾಡದೆ ಸಂರಕ್ಷಣೆಯ ಕೆಲಸ ಬಲ್ಲವರಿಗೆ ಕೊಡಿ.

ತೊಳೆದ ರೆಕಾರ್ಡನ್ನು ಹಳೆಯ ಕಾಗದದ ಒಳಕವರಿಗೆ ವಾಪಸ್ ಹಾಕಬೇಡಿ. ಅದರೊಳಗಿನ ಧೂಳು, ಬೂಸ್ಟು ಮತ್ತೆ ಹತ್ತುತ್ತದೆ. ಪಾಲಿಎಥಿಲೀನ್ ಒಳಪದರ ಇರುವ ಹೊಸ ಕವರ್ ಬಳಸಿ. ರೆಕಾರ್ಡಿಗೆ ನೇರ ತಾಗುವ ಕವರ್ ಮಾತ್ರ ಪಿವಿಸಿಯದ್ದು ಆಗಬಾರದು. ಅದರಲ್ಲಿನ ಮೆದುಕಾರಿ ರಾಸಾಯನಿಕ ವರ್ಷಗಳು ಕಳೆದಂತೆ ರೆಕಾರ್ಡಿನ ಮೇಲೆ ಮಂಜಿನಂಥ ಪದರ ಕಟ್ಟುತ್ತದೆ.

ತೊಳೆದ ನಂತರ ಮೊದಲ ಸಲ ನುಡಿಸಿದಾಗ ಮುಳ್ಳಿನ ತುದಿ ನೋಡಿ. ಬೂದು ಬಣ್ಣದ ಸಣ್ಣ ಉಂಡೆ ಕಟ್ಟಿದ್ದರೆ ಗಾಬರಿ ಬೇಡ. ಮುಳ್ಳಿನ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ, ಒಂದೇ ದಿಕ್ಕಿನಲ್ಲಿ ಒರೆಸಿ, ಅದೇ ಬದಿಯನ್ನು ಮತ್ತೊಮ್ಮೆ ನುಡಿಸಿ. ಎರಡನೇ ಸಲವೂ ಅಷ್ಟೇ ಉಂಡೆ ಬಂದರೆ ತೊಳೆದ ದ್ರವ ಗ್ರೂವಿನೊಳಗೇ ಒಣಗಿದೆ ಅಂತ ತಿಳಿಯಿರಿ. ಆಗ ಇನ್ನೂ ಪ್ರಬಲವಾದ ದ್ರವ ಹುಡುಕಬೇಡಿ. ಬರೀ ಬಟ್ಟಿ ಇಳಿಸಿದ ನೀರಿನಲ್ಲಿ ಇನ್ನೊಂದು ಸಲ ಜಾಲಿಸಿ, ಹೀರಿ ತೆಗೆದು ಒಣಗಿಸಿ.